621 ಅನ್ನೋದು ಒಂದು ಹೆಸರಾ?

ವಿಡಿಯೋ ಗೇಮ್ ಬಗ್ಗೆ ಬರೀತೀನಿ ಅಂದ್ರೆ ನಮ್ಮ ಹಿರಿಯ ಸಂಗಾತಿಗಳು ಕೆಲವರು ಮುಖ ಸಿಂಡರಿಸ್ತಾರೆ. ಇದೆಲ್ಲ ಉಳ್ಳವರ ಮಕ್ಕಳ ಟೈಂಪಾಸು, ಚಳವಳಿಗೂ ಇದಕ್ಕೂ ಏನಪ್ಪಾ ಸಂಬಂಧ ಅಂತ. ಸಂಬಂಧ ಇದೆ. ನಮ್ಮ ಕೇರಿ ಹುಡುಗರು, ಹಾಸ್ಟೆಲ್ ಹುಡುಗರು ಇವತ್ತು ಕಥೆ ಕೇಳ್ತಿರೋ ಜಾಗಗಳಲ್ಲಿ ಇದೂ ಒಂದು. ಆಡೋಕೆ ಕಂಪ್ಯೂಟರ್ ಇಲ್ಲದವರು ಬೇರೆಯವರು ಆಡೋದನ್ನ ಯೂಟ್ಯೂಬಲ್ಲಿ ನೋಡ್ತಾರೆ. ಅವರು ನೋಡ್ತಿರೋದು ಏನು ಅಂತ ನಾವೂ ಒಂದ್ಸಲ ನೋಡಬೇಕಲ್ವಾ?

ಹೇಳೋಕೆ ಹೊರಟಿರೋದು 'ಆರ್ಮರ್ಡ್ ಕೋರ್' ಬಗ್ಗೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 1997ರಲ್ಲಿ ಪ್ಲೇಸ್ಟೇಷನ್‌ಗೆ ಅಂತ ಶುರು ಮಾಡಿದ ಸರಣಿ. 2013ರ ತನಕ ಒಂದರ ಹಿಂದೆ ಒಂದು ಬಂತು. ಆಮೇಲೆ ಹತ್ತು ವರ್ಷ ಸುದ್ದಿಯಿಲ್ಲ. 2023ರ ಆಗಸ್ಟಲ್ಲಿ ಆರನೇ ಆಟ ಬಂತು. ಮನುಷ್ಯ ಒಳಗೆ ಕೂತು ಓಡಿಸೋ ದೈತ್ಯ ಯುದ್ಧಯಂತ್ರ, ಅದಕ್ಕೆ ಮೆಕ್ ಅಂತಾರೆ. ದುಡ್ಡು ಕೊಟ್ಟ ಕಂಪನಿ ಪರವಾಗಿ ಅದನ್ನ ತಗೊಂಡು ಹೋಗಿ ಹೊಡೆದು ಬರೋದು ನಮ್ಮ ಕೆಲಸ. ಅಂದ್ರೆ ಆಡೋನು ಇಲ್ಲಿ ಹೀರೋ ಅಲ್ಲ, ಬಾಡಿಗೆ ಸಿಪಾಯಿ.

ಹುಡುಗರಿಗೆ ಹುಚ್ಚು ಹಿಡಿಸೋದು ಯಂತ್ರ ಜೋಡಿಸೋ ಆಟ. ತಲೆ, ಎದೆಗೂಡು, ತೋಳು, ಕಾಲು ಎಲ್ಲ ಬಿಡಿಬಿಡಿ. ಈ ಕಂಪನಿ ತಲೆಗೆ ಆ ಕಂಪನಿ ಕಾಲು ಹಾಕಬಹುದು. ಎರಡು ಕಾಲು, ನಾಲ್ಕು ಕಾಲು, ಹಿಂದಕ್ಕೆ ಮಡಚೋ ಮಂಡಿ, ಬೇಕಾದ್ರೆ ಕಾಲಿನ ಬದಲು ಟ್ಯಾಂಕಿನ ಚೈನು. ಬಾಯಿಂದ ಒಂದು ವರ್ಣ, ತೋಳಿಂದ ಒಂದು, ತೊಡೆಯಿಂದ ಒಂದು, ಪಾದದಿಂದ ಒಂದು ಅಂತ ಪುರುಷಸೂಕ್ತ ಲೆಕ್ಕ ಹಾಕಿದ ನಾಡಿನವರು ನಾವು. ಆ ಮೈಯಲ್ಲಿ ನಮ್ಮ ಜನಕ್ಕೆ ಪಾದದ ಜಾಗವೂ ಸಿಗಲಿಲ್ಲ. ಈ ಗ್ಯಾರೇಜಲ್ಲಿ ಮಾತ್ರ ಕಾಲು ಕೀಳಲ್ಲ. ಮೇಲೆ ಎಷ್ಟು ಭಾರ ಹೇರಬಹುದು ಅಂತ ತೀರ್ಮಾನ ಮಾಡೋದೇ ಕಾಲು. ಯಾವ ಅಂಗವೂ ಹುಟ್ಟಿನಿಂದ ಇಂಥ ಜಾಗಕ್ಕೇ ಅಂಟ್ಕೊಂಡಿಲ್ಲ. ಇದನ್ನ ನೋಡಿ ನನಗೂ ಖುಷಿಯಾಗುತ್ತೆ.

ಆದ್ರೆ ಯಂತ್ರದ ಅಂಗ ಬದಲಾಯ್ತು ಸರಿ, ಒಳಗೆ ಕೂತವನ ಸ್ಥಿತಿ ಬದಲಾಯ್ತಾ? ಅದನ್ನ ನೋಡಬೇಕಾದ್ರೆ ಪ್ರತಿ ಕೆಲಸ ಮುಗಿದ ಮೇಲೆ ಬರೋ ಲೆಕ್ಕದ ಪಟ್ಟಿ ನೋಡಿ. ಒಪ್ಪಿಕೊಂಡ ದುಡ್ಡು ಇಷ್ಟು. ಅದರಲ್ಲಿ ಗುಂಡಿನ ಖರ್ಚು ಕಳೆ. ರಿಪೇರಿ ಖರ್ಚು ಕಳೆ. ಮಿಕ್ಕಿದ್ದು ನಿನಗೆ. ಯುದ್ಧ ಕಂಪನಿದು, ಶತ್ರುವೂ ಕಂಪನಿಯವನೇ, ಹಾರಿಸಿದ ಗುಂಡಿನ ದುಡ್ಡು ಮಾತ್ರ ಹಾರಿಸಿದವನದು! ಬೆಂಗಳೂರಲ್ಲಿ ಬೈಕಲ್ಲಿ ಊಟ ಹೊತ್ಕೊಂಡು ಓಡಾಡೋ ಹುಡುಗರನ್ನ ಕೇಳಿ. ಪೆಟ್ರೋಲು ಅವರದು, ಸರ್ವೀಸು ಅವರದು, ಬಿದ್ದು ಕೈ ಮುರಿದ್ರೆ ಆ ದಿನದ ದುಡಿಮೆಯೂ ಅವರದೇ. ಈ ಪಟ್ಟಿ ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

1997ರ ಮೊದಲ ಆಟದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ರು. ಸಾಲ 50,000 ದಾಟಿದ್ರೆ ಆಟ ಅಲ್ಲಿಗೆ ಮುಗಿಯಲ್ಲ. ನಿನ್ನ ಮೈಯನ್ನೇ ಪ್ರಯೋಗಕ್ಕೆ ತಗೋತಾರೆ. 'ಹ್ಯೂಮನ್ ಪ್ಲಸ್' ಅಂತ ಅದರ ಹೆಸರು. ಮೈ ಕೊಯ್ದು, ಶಕ್ತಿ ತುಂಬಿ, ಮತ್ತೆ ಮೊದಲಿಂದ ದುಡಿಯೋಕೆ ಬಿಡ್ತಾರೆ. ಆಡೋರಲ್ಲಿ ಎಷ್ಟೋ ಜನ ಆ ಶಕ್ತಿ ಸಿಗಲಿ ಅಂತಾನೇ ಬೇಕಂತ ಸಾಲ ಮಾಡ್ಕೋತಾರೆ. ನಾನು ಅದನ್ನ ಓದೋದು ಬೇರೆ ಥರ. ತೀರಿಸೋಕಾಗದ ಸಾಲಕ್ಕೆ ಮೈಯನ್ನೇ ಬರ್ಕೊಡೋದಕ್ಕೆ ನಮ್ಮಲ್ಲಿ ಒಂದು ಹೆಸರಿದೆ, ಜೀತ. ಈ ದೇಶ ಅದನ್ನ ರದ್ದು ಮಾಡೋ ಕಾನೂನು ಮಾಡಿದ್ದು 1976ರಲ್ಲಿ. ಅಜ್ಜನ ಸಾಲಕ್ಕೆ ಮೊಮ್ಮಗ ದುಡಿದ ಮನೆಗಳು ನಮ್ಮ ಜನರ ನೆನಪಲ್ಲಿ ಇನ್ನೂ ಇವೆ.

ಆರನೇ ಆಟದಲ್ಲಿ ಬಾಡಿಗೆ ಸಿಪಾಯಿಗೆ ಹೆಸರೇ ಇಲ್ಲ. 621. ಅಷ್ಟೇ. ಮಾತಿಲ್ಲ, ಮುಖ ತೋರಿಸಲ್ಲ, ಗಂಡೋ ಹೆಣ್ಣೋ ಅಂತಲೂ ಹೇಳಲ್ಲ. ರುಬಿಕಾನ್ ಅನ್ನೋ ಗ್ರಹಕ್ಕೆ ಕದ್ದು ಇಳಿದು, ಸತ್ತವರ ಪರವಾನಗಿ ಎತ್ಕೊಂಡು 'ರೇವನ್' ಅಂತ ಹೆಸರು ಪಡೀಬೇಕು. ನಡೆಸೋನು ವಾಲ್ಟರ್ ಅಂತ ಒಬ್ಬ ಯಜಮಾನ. ದುಡ್ಡು ಮಾಡು, ಆಪರೇಷನ್ ಮಾಡಿಸ್ಕೊಂಡು ಮಾಮೂಲಿ ಬದುಕಿಗೆ ವಾಪಸ್ ಹೋಗು ಅಂತಾನೆ. ಅವನ ಆಳುಗಳನ್ನ ಬೇರೆಯವರು ಕರೆಯೋದು ಬೇಟೆನಾಯಿಗಳು ಅಂತ.

ಈ ವಾಲ್ಟರ್ ಅಂದ್ರೆ ಅಭಿಮಾನಿಗಳಿಗೆ ಪ್ರಾಣ. ಎಷ್ಟು ಕಾಳಜಿ, ಎಷ್ಟು ಮೆದು ಮಾತು ಅಂತ ಕಣ್ಣೀರು ಹಾಕ್ತಾರೆ. ನಿಜ, ಅವನು ಕ್ರೂರಿಯಲ್ಲ. ಆದ್ರೆ ನಮ್ಮೂರುಗಳಲ್ಲೂ ಈ ಮಾತು ಕೇಳಿದ್ದೀವಲ್ಲ, "ನಮ್ಮ ಗೌಡ್ರು ಒಳ್ಳೆಯವರು, ಹೊಟ್ಟೆ ತುಂಬ ಊಟ ಹಾಕೋರು" ಅಂತ. ಒಳ್ಳೆ ಯಜಮಾನ ಅಂದ್ರೂ ಯಜಮಾನನೇ. ಪ್ರೀತಿಯಿಂದ ಕರೆದ್ರೂ 621 ನಂಬರೇ.

ನನ್ನನ್ನ ಹೆಚ್ಚು ಕಾಡಿದ್ದು ಇಗುವಾಸು ಅನ್ನೋ ಇನ್ನೊಬ್ಬ ಬಾಡಿಗೆಯವನು. ಜೂಜಲ್ಲಿ ಸೋತು, ಸಾಲಕ್ಕೆ ಸಿಕ್ಕಿ, ಅವನೂ ಮೈ ಕೊಯ್ಸಿಕೊಂಡವನು. ಬಾಲಮ್ ಕಂಪನಿಯ ಪಡೆಯಲ್ಲಿ ಅವನಿಗೂ ಒಂದು ನಂಬರಿದೆ, ಜಿ5. 621ಗೂ ಅವನಿಗೂ ಗಾಯ ಒಂದೇ. ಆದ್ರೆ ಅವನ ದ್ವೇಷ ಅಷ್ಟೂ 621 ಮೇಲೆ. ಒಂದು ಅಂತ್ಯದಲ್ಲಂತೂ ಕಟ್ಟಕಡೆಯ ಕಾಳಗವೂ ಅವನ ಜೊತೆಗೇ. ತನ್ನನ್ನ ಕೊಂಡವರಿಗಿಂತ ಪಕ್ಕದ ಆಳು ತನಗಿಂತ ಒಂದು ಮೆಟ್ಟಿಲು ಮೇಲೆ ಹೋದನಲ್ಲ ಅನ್ನೋದೇ ಅವನಿಗೆ ಉರಿ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂತ ಹೆಸರಿಟ್ಟಿದ್ದು ಇದಕ್ಕೇ. ಜಾತಿ ದುಡಿಮೆಯನ್ನಷ್ಟೇ ಹಂಚಲ್ಲ, ದುಡಿಯೋರನ್ನೇ ಒಡೆದು ಹಾಕುತ್ತೆ ಅಂತ ಅವರು 1936ರಲ್ಲೇ ತೋರಿಸಿಕೊಟ್ಟಿದ್ರು. ಜಪಾನಿನವರಿಗೆ ಆ ಪುಸ್ತಕ ಗೊತ್ತಿರಬೇಕು ಅಂತೇನಿಲ್ಲ. ಆಳನ್ನ ಆಳಿನ ಮೇಲೆ ಬಿಡೋ ವಿದ್ಯೆ ಎಲ್ಲ ಕಡೆ ಒಂದೇ.

ಇಬ್ಬರೂ ಸೇರಿ ಮಾಡೋ ಒಂದು ಕೆಲಸ ಇದೆ, ಒಂದು ಅಣೆಕಟ್ಟಿನ ಮೇಲೆ ದಾಳಿ. ಅಲ್ಲಿನ ಜನರೇಟರ್ ಒಡೀಬೇಕು. ಅದು ಆ ಗ್ರಹದ ಜನರ ಜೀವನಾಡಿ. ಹುಳ ಸಾಕಿ ತಿಂದು ಬದುಕ್ತಿರೋ ಜನ ಅವರು. ಕೋರಲ್ ಅನ್ನೋ ಅವರ ನೆಲದ ಸಂಪತ್ತಿಗೆ ಕಂಪನಿಗಳು ಕಚ್ಚಾಡ್ತಿವೆ. ಆಟವನ್ನ ಎರಡನೇ ಸಲ ಆಡಿದಾಗ, ಆ ಜನರ ವಿಮೋಚನಾ ಪಡೆಯೇ ದುಡ್ಡು ಕೊಡ್ತೀವಿ, ನಮ್ಮ ಕಡೆ ತಿರುಗು ಅಂತ ಕೇಳುತ್ತೆ. ತಿರುಗಬಹುದು. ಆದ್ರೆ ನೋಡಿ, ನ್ಯಾಯದ ಕಡೆ ನಿಲ್ಲೋದೂ ಅಲ್ಲಿ ಇನ್ನೊಂದು ಕಾಂಟ್ರಾಕ್ಟು.

ನನ್ನ ತಕರಾರು ಇರೋದು ಇಲ್ಲೇ. ಈ ಸರಣಿಗೆ ಸಾಲ ಗೊತ್ತು, ಕಂಪನಿ ಗೊತ್ತು, ಮೈ ಮಾರಾಟ ಗೊತ್ತು. ಗೊತ್ತಿಲ್ಲದ್ದು ಸಂಘ. ನಾನು ನೋಡಿದಷ್ಟರಲ್ಲಿ ಎಲ್ಲೂ ನಾಲ್ಕು ಜನ ಬಾಡಿಗೆ ಸಿಪಾಯಿಗಳು ಒಂದು ಕಡೆ ಕೂತು, ಇನ್ಮೇಲೆ ಗುಂಡಿನ ಖರ್ಚು ಕಂಪನಿಯೇ ಕೊಡಬೇಕು ಅಂತ ಹಟ ಹಿಡಿಯಲ್ಲ. ಬಿಡುಗಡೆ ಅಂದ್ರೆ ಒಬ್ಬ ಜಗಜಟ್ಟಿ, ಅವನ ಯಂತ್ರ, ಅವನ ಆಯ್ಕೆ. ಗ್ರಹವನ್ನೇ ಸುಡಬೇಕೋ ಉಳಿಸಬೇಕೋ ಅಂತ ತೀರ್ಮಾನ ಮಾಡೋದು ಹೊರಗಿಂದ ಬಂದ ಒಬ್ಬನೇ. ಅಲ್ಲೇ ಹುಟ್ಟಿ ಬೆಳೆದವರು ಬಹುಪಾಲು ರೇಡಿಯೋದ ದನಿಗಳಷ್ಟೇ.

ಒಂಟಿ ವೀರನ ಈ ಕನಸು ನಮ್ಮ ಹುಡುಗರಿಗೆ ಅಪಾಯ. ಇನ್ನೊಂದು ಟ್ರಿಪ್ ಹೊಡೆದ್ರೆ, ಇನ್ನೊಂದು ಇನ್ಸೆಂಟಿವ್ ಸಿಕ್ಕಿದ್ರೆ ಗೆದ್ದುಬಿಡ್ತೀನಿ ಅಂತ ಆ್ಯಪುಗಳು ಅವರಿಗೆ ಈಗಾಗಲೇ ಇದನ್ನೇ ಮಾರ್ತಿವೆ. 2025ರಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರಿಗೆ ಅಂತ ಒಂದು ಕಾನೂನು ಬಂದಿದ್ರೆ ಅದು ಯಾವ ಒಂಟಿ ವೀರನಿಂದಲೂ ಅಲ್ಲ, ಸಂಘ ಕಟ್ಟಿ ಬೀದಿಗೆ ಬಂದವರಿಂದ. ಅದು ಜಾರಿಯಾಗಬೇಕಾದ್ರೂ ಅವರೇ ಬೇಕು.

ಹಾಗಂತ ಆಡಬೇಡಿ ಅನ್ನಲ್ಲ. ಆಡಿ, ನೋಡಿ, ಚೆನ್ನಾಗಿದೆ. ತಮ್ಮಂದಿರೇ, ತಂಗಿಯರೇ, ಯಂತ್ರಕ್ಕೆ ಬಣ್ಣ ಬಳಿಯೋಕೆ ಒಂದು ಗಂಟೆ ಕೊಡ್ತೀರಲ್ಲ, ಲೆಕ್ಕದ ಪಟ್ಟಿಗೂ ಒಂದು ನಿಮಿಷ ಕೊಡಿ. ಯಾರ ದುಡ್ಡು, ಯಾರ ಮೈ, ಯಾರ ಊರು ಅಂತ ಕೇಳಿ. ಆಮೇಲೆ ಪಕ್ಕದಲ್ಲಿ ಕೂತವನ ಹೆಸರು ಕೇಳಿ, ನಂಬರಲ್ಲ.

ಜೈ ಭೀಮ್.