ಫೋಟೋ ತೆಗೆಯದೆ ಕೊಡೋಣವೇ?

ಜೂನ್ ಬಂತೆಂದರೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಿಗೆಲ್ಲ ಒಮ್ಮೆಲೇ ಬಾಲಾಶ್ರಮಗಳ ನೆನಪಾಗುತ್ತದೆ. ನೋಟ್‌ಬುಕ್ಕಿನ ಕಟ್ಟು, ಕಂಪಾಸ್ ಬಾಕ್ಸು, ಒಂದು ಬ್ಯಾನರು, ಒಬ್ಬರು ಮುಖ್ಯ ಅತಿಥಿ. ಪುಸ್ತಕ ಅರ್ಧ ಅತಿಥಿಯ ಕೈಯಲ್ಲಿ, ಅರ್ಧ ಮಗುವಿನ ಕೈಯಲ್ಲಿ ಇರುವಾಗ ಇಬ್ಬರೂ ಕ್ಯಾಮೆರಾ ಕಡೆ ನೋಡಬೇಕು. ಸಂಜೆಯೊಳಗೆ ವಾಟ್ಸಾಪಿಗೆ ನಲವತ್ತು ಫೋಟೋ.

ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಈ ಫೋಟೋ ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ. ಸಭ್ಯತೆಯ ಮಾತು ಆಮೇಲಿರಲಿ, ಮೊದಲು ಕಾನೂನು ನೋಡಿ (ಬ್ಯಾಂಕಿನವನ ಚಟ, ಏನು ಮಾಡುವುದು!). 2015ರ ಬಾಲನ್ಯಾಯ ಕಾಯಿದೆಯ 74ನೇ ಕಲಮಿನ ಪ್ರಕಾರ, ರಕ್ಷಣೆಯಲ್ಲಿರುವ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ ಬಹಿರಂಗಪಡಿಸುವಂತಿಲ್ಲ, ಚಿತ್ರ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಯಾಕಿಷ್ಟು ಬಿಗಿ ಅಂತೀರಾ? ಅಲ್ಲಿರುವವರೆಲ್ಲ ಅನಾಥರಲ್ಲ. ಮನೆ ಬಿಟ್ಟು ಓಡಿಬಂದವರಿದ್ದಾರೆ, ಅಮ್ಮ ಇದ್ದೂ ಸಾಕಲಾಗದೆ ಬಂದವರಿದ್ದಾರೆ, ಹಿಂಸೆಯಿಂದ ಪಾರಾದವರಿದ್ದಾರೆ. ಯಾರಿಂದ ತಪ್ಪಿಸಿಕೊಂಡು ಬಂದರೋ ಅವರ ಕೈಗೇ ಫೋಟೋ ಸಿಕ್ಕರೆ? ಅಷ್ಟು ದೂರ ಹೋಗುವುದೂ ಬೇಡ. ಎಂಟನೇ ಕ್ಲಾಸಿನ ಹುಡುಗಿ ಗೆಳತಿಯರ ಹತ್ತಿರ ಚಿಕ್ಕಮ್ಮನ ಮನೆಯಲ್ಲಿದ್ದೇನೆ ಎಂದು ಹೇಳಿಕೊಂಡಿರಬಹುದು. ಆ ಗೆಳತಿಯ ಅಪ್ಪ ನಮ್ಮದೇ ಗ್ರೂಪಿನಲ್ಲಿದ್ದರೆ?

ಕಳೆದ ವರ್ಷ ಇಂಥ ಒಂದು ಕಾರ್ಯಕ್ರಮದಲ್ಲಿ ದೊಡ್ಡ ಹುಡುಗಿಯೊಬ್ಬಳು ನೋಟ್‌ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದಳು. ಫೋಟೋದವನು "ಬೇಟಾ, ಥೋಡಾ ನೀಚೆ" ಅಂದ. ಇಳಿಸಲಿಲ್ಲ. ಮತ್ತೆ ಅಂದ. ಆಗಲೂ ಇಳಿಸಲಿಲ್ಲ. ಅವಳಿಗೆ 74ನೇ ಕಲಮು ಗೊತ್ತಿರಲಿಕ್ಕಿಲ್ಲ. ವೇದಿಕೆಯ ಮೇಲಿದ್ದ ವಕೀಲರಿಗಾದರೂ ಗೊತ್ತಿರಬೇಕಿತ್ತಲ್ಲ!

ಇನ್ನು ಏನು ಕೊಡುತ್ತೇವೆ ಅನ್ನುವ ವಿಷಯ. ಮುಂಬಯಿ ಮಹಾನಗರಪಾಲಿಕೆ ತನ್ನ ಶಾಲೆಗಳ ಮಕ್ಕಳಿಗೆ ಚೀಲ, ಸಮವಸ್ತ್ರ, ಬೂಟು, ನೋಟ್‌ಬುಕ್ಕು ಎಲ್ಲ ಸೇರಿ 27 ಬಗೆಯ ಸಾಮಗ್ರಿ ಪುಕ್ಕಟೆ ಕೊಡುತ್ತದೆ. ಆ ಶಾಲೆಗೆ ಹೋಗುವ ಮಗುವಿಗೆ ನಾವು ಮತ್ತೊಂದು ಚೀಲ ಕೊಟ್ಟು ಬರುತ್ತೇವೆ. ನಮ್ಮ ಹಿಂದೆಯೇ ಇನ್ನೊಂದು ಸಂಘದವರು ಮೂರನೆಯದನ್ನು ತರುತ್ತಾರೆ. ನಾನೊಮ್ಮೆ ಒಂದು ಆಶ್ರಮದ ಮೇಡಂ ಹತ್ತಿರ ಏನು ಬೇಕು ಎಂದು ನೇರವಾಗಿ ಕೇಳಿದೆ. ಅವರು ಬರೆದುಕೊಟ್ಟ ಚೀಟಿಯಲ್ಲಿದ್ದದ್ದು ಇಷ್ಟು: ಗಣಿತಕ್ಕೆ ಚೌಕುಳಿ ನೋಟ್‌ಬುಕ್ಕು, ಹತ್ತನೆಯವರಿಗೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಓದುವ ಕೋಣೆಗೆ ಎರಡು ಟ್ಯೂಬ್‌ಲೈಟು, ಇಬ್ಬರಿಗೆ ಕನ್ನಡಕ. ಕೊನೆಗೆ, "ನೋಟ್‌ಬುಕ್ಕು ದೀಪಾವಳಿ ರಜೆ ಮುಗಿದ ಮೇಲೆ ಕೊಡಿ, ಜೂನಿನದ್ದು ಅಷ್ಟರಲ್ಲಿ ತೀರಿರುತ್ತದೆ" ಎಂದು ಒಂದು ಸಾಲು. ಕನ್ನಡಕವನ್ನು ಯಾವ ಮುಖ್ಯ ಅತಿಥಿಯೂ ವೇದಿಕೆಯಲ್ಲಿ ಕೊಟ್ಟದ್ದು ನಾನು ಕಂಡಿಲ್ಲ.

ಫೋಟೋ ಇಲ್ಲದಿದ್ದರೆ ದಾನಿಗಳಿಗೆ ಲೆಕ್ಕ ತೋರಿಸುವುದು ಹೇಗೆ ಎಂದು ನಮ್ಮ ಸಂಘದ ಸಭೆಯಲ್ಲಿ ಕೇಳಿದರು. ಸಾರ್, ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಈ ಪ್ರಶ್ನೆಯೇ? ಅಂಗಡಿಯ ಬಿಲ್ಲು, ಆಶ್ರಮದ ಮೊಹರು ಬಿದ್ದ ರಸೀದಿ, ಇವೆರಡು ಸಾಕು. ಹಣ ಕೊಡುವುದಾದರೆ ಬಾಲನ್ಯಾಯ ಕಾಯಿದೆಯಡಿ ನೋಂದಣಿಯಾಗಿದೆಯೇ ಎಂದು ಪತ್ರ ಕೇಳಿ ನೋಡಿ, ಸಂಸ್ಥೆಯ ಹೆಸರಿಗೇ ಚೆಕ್ ಬರೆಯಿರಿ. ಫೋಟೋ ಬೇಕೇ ಬೇಕೆಂದರೆ ನೋಟ್‌ಬುಕ್ಕಿನ ಕಟ್ಟುಗಳ ಪಕ್ಕ ಸಮಿತಿಯವರು ನಿಂತು ತೆಗೆಸಿಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ.

ಎರಡನ್ನೂ ಠರಾವು ಮಾಡಿ ಸಭೆಯ ಮುಂದಿಟ್ಟೆ. ದೀಪಾವಳಿಯ ನಂತರ ಚೀಟಿ ಕೇಳಿ ಕೊಡುವುದಕ್ಕೆ ಎಲ್ಲರೂ ಒಪ್ಪಿದರು. ಫೋಟೋದ ವಿಷಯ ಮುಂದಿನ ಸಭೆಗೆ ಹೋಗಿದೆ. ನನ್ನ ಪರ ಸದ್ಯಕ್ಕೆ ಮೂರು ಕೈ, ಅದರಲ್ಲಿ ಒಂದು ನಮ್ಮ ಮನೆಯವಳದ್ದು.