ಪಟ್ಟಿಯಲ್ಲಿಲ್ಲದ ಕಲ್ಲು ಊರಿನಲ್ಲಿಲ್ಲವೆಂದಲ್ಲ

ಗುಡ್ಡ ಅಗೆಯುವ, ರಸ್ತೆ ಅಗಲಿಸುವ, ಹೊಳೆಗೆ ಅಡ್ಡಗಟ್ಟೆ ಹಾಕುವ ಯೋಜನೆಗಳ ವರದಿಗಳಲ್ಲಿ ಕಾಡು, ನೀರು, ವನ್ಯಜೀವಿಗಳ ವಿವರ ಮುಗಿದ ಮೇಲೆ ಒಂದು ಪುಟ್ಟ ಸಾಲು ಕಾಣಸಿಗುವುದುಂಟು. ಯೋಜನಾ ಪ್ರದೇಶದಲ್ಲಿ ಐತಿಹಾಸಿಕ ಮಹತ್ವದ ತಾಣಗಳೇನೂ ಇಲ್ಲ ಎಂಬುದು ಅದರ ತಾತ್ಪರ್ಯ. ಊರಿಗೆ ಕಾಲಿಡದೆ, ಗಣಕಯಂತ್ರದ ಮುಂದೆ ಕುಳಿತು ತಾಲ್ಲೂಕಿನ ಹೆಸರನ್ನು ಒತ್ತಿ, ಏನೂ ಬಾರದಿದ್ದಾಗ ಇಂಥ ಸಾಲನ್ನು ಬರೆದುಬಿಡುವುದು ಸುಲಭ. ‘ಹುಡುಕಿದೆ, ಸಿಗಲಿಲ್ಲ’ ಎಂಬ ಮಾತು ‘ಇಲ್ಲವೇ ಇಲ್ಲ’ ಎಂಬ ತೀರ್ಪಾಗುವುದು ಇಲ್ಲಿಯೇ. ಆದ್ದರಿಂದ ಈ ಹುಡುಕಾಟದ ಬಗೆಯನ್ನು ನಾವು, ಅದರಲ್ಲೂ ನಮ್ಮ ವಿದ್ಯಾರ್ಥಿಗಳು, ಅರಿತುಕೊಳ್ಳುವುದು ಅಗತ್ಯವಾಗಿದೆ.

ಕರ್ನಾಟಕದ ಮಟ್ಟಿಗೆ ಇಂತಹ ಪಟ್ಟಿಗಳ ತಾಯಿಬೇರು ಇರುವುದು ಮೈಸೂರು ನಗರದಲ್ಲಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ 1885ರಲ್ಲಿ ಆರಂಭವಾಯಿತು. ಬಿ.ಎಲ್. ರೈಸ್ ಅವರ ಶ್ರಮದಿಂದ 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕ’ದ 12 ಸಂಪುಟಗಳು ಹೊರಬಂದು, ಸುಮಾರು 9 ಸಾವಿರ ಶಾಸನಗಳು ಬೆಳಕು ಕಂಡವು. ಅದರ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪ್ರಕಟಿಸತೊಡಗಿತು. ರಾಜ್ಯದ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿಯೂ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗವೂ ಅದೇ ನಗರದಲ್ಲಿವೆ. 2007ರಲ್ಲಿ ಕೇಂದ್ರ ಸರ್ಕಾರವು ಸ್ಮಾರಕಗಳು ಮತ್ತು ಪ್ರಾಚೀನ ವಸ್ತುಗಳ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿ, ದೇಶದ ಪಾರಂಪರಿಕ ತಾಣಗಳ ಮಾಹಿತಿಕೋಶವನ್ನು ಅಂತರ್ಜಾಲಕ್ಕೆ ಏರಿಸುವ ಕೆಲಸಕ್ಕೆ ಕೈಹಾಕಿತು. ಹಳೆಯ ಶಾಸನ ಸಂಪುಟಗಳೂ ಇಂದು ಅಂತರ್ಜಾಲ ಗ್ರಂಥಾಲಯಗಳಲ್ಲಿ ದೊರೆಯುತ್ತವೆ. ಒಂದು ಕಾಲಕ್ಕೆ ಮೈಸೂರಿಗೆ ಬಸ್ಸು ಹತ್ತಿ ಗ್ರಂಥಾಲಯದಲ್ಲಿ ದಿನಗಟ್ಟಲೆ ಕೂರಬೇಕಿದ್ದ ಕೆಲಸವನ್ನು ಮಲೆನಾಡಿನ ಮೂಲೆಯ ವಿದ್ಯಾರ್ಥಿಯೂ ಇಂದು ಮಾಡಬಲ್ಲ. ಇದು ನಿಜವಾದ ಲಾಭ; ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಮಾಹಿತಿಕೋಶಕ್ಕೆ ಅಕ್ಷರ ಗೊತ್ತೇ ಹೊರತು ಊರು ಗೊತ್ತಿಲ್ಲ. 2014ರ ನವೆಂಬರ್ 1ರಂದು ಮೈಸೂರು, ಶಿವಮೊಗ್ಗ, ಚಿಕ್ಕಮಗಳೂರು ಸೇರಿದಂತೆ 12 ನಗರಗಳ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಳೆಯ ದಾಖಲೆಗಳು ಹಳೆಯ ಕಾಗುಣಿತದಲ್ಲಿಯೇ ಉಳಿದಿವೆ. ಜಿಲ್ಲೆಗಳ ಗಡಿಯೂ ಸರಿದಿದೆ. 1939ರಲ್ಲಿ ಮಂಡ್ಯ, 1997ರಲ್ಲಿ ಚಾಮರಾಜನಗರ ಮೈಸೂರು ಜಿಲ್ಲೆಯಿಂದ ಬೇರೆಯಾದವು. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿರುವ ಯಳಂದೂರಿನ ಶಾಸನಗಳನ್ನು ರೈಸ್ ಅವರ ಗ್ರಂಥದಲ್ಲಿ ಹುಡುಕಬೇಕಾದರೆ ಮೈಸೂರು ಜಿಲ್ಲೆಯ ಸಂಪುಟವನ್ನೇ ತೆರೆಯಬೇಕು. ಶಾಸನಗಳಿಗೆ ಅಲ್ಲಿ ತಾಲ್ಲೂಕುವಾರು ಸಂಖ್ಯೆ ಕೊಡಲಾಗಿದೆ. ಕದಂಬರ ಮೂಲವನ್ನು ಹೇಳುವ ಪ್ರಸಿದ್ಧ ತಾಳಗುಂದದ ಸ್ತಂಭಶಾಸನವು ಏಳನೆಯ ಸಂಪುಟದಲ್ಲಿ ‘ಶಿಕಾರಿಪುರ 176’. ಈ ಗುಟ್ಟು ತಿಳಿಯದವನು ಊರಿನ ಹೆಸರನ್ನಷ್ಟೇ ಒತ್ತಿ ಬರಿಗೈಯಲ್ಲಿ ಹಿಂದಿರುಗಿದರೆ ಆಶ್ಚರ್ಯವಿಲ್ಲ.

ಪದಗಳ ತೊಡಕು ಇದಕ್ಕಿಂತ ದೊಡ್ಡದು. ನಮ್ಮ ಜನ ‘ಪಾಂಡವರ ಮನೆ’, ‘ಮೋರಿಯರ ಮನೆ’ ಎಂದು ಕರೆಯುವ ಕಲ್ಲುಚಪ್ಪಡಿಯ ಗೋರಿಗಳು ವಿದ್ವಾಂಸರ ದಾಖಲೆಯಲ್ಲಿ ಬೃಹತ್ ಶಿಲಾ ಸಮಾಧಿಗಳು, ಇಂಗ್ಲಿಷಿನಲ್ಲಿ ಡಾಲ್ಮೆನ್‌ಗಳು. ಬನದಲ್ಲಿ ಎಣ್ಣೆ ಕುಡಿದು ಕಪ್ಪಾಗಿ ದೇವರಾಗಿ ನಿಂತಿರುವುದು ಒಂದು ವೀರಗಲ್ಲೋ ಮಾಸ್ತಿಕಲ್ಲೋ ಆಗಿರಬಹುದು. ಪೂಜೆ ಮಾಡುವ ಅಜ್ಜಿಗೆ ಅದು ದೈವ. ಪಟ್ಟಿಗೆ ಅದೊಂದು ಸ್ಮಾರಕ. ಎರಡು ಭಾಷೆಗಳ ನಡುವೆ ಸೇತುವೆ ಹಾಕಬಲ್ಲವರು ಊರಿನ ಮಕ್ಕಳೇ ವಿನಾ ಯಂತ್ರವಲ್ಲ.

ತಾಣವೇ ಸ್ಥಳಾಂತರಗೊಂಡ ಉದಾಹರಣೆಯೂ ಮೈಸೂರಿನ ಹತ್ತಿರದಲ್ಲೇ ಇದೆ. ಕನ್ನಂಬಾಡಿಯ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿತ್ತು. ಅದನ್ನು ಬಿಚ್ಚಿ ಎತ್ತರದ ನೆಲದಲ್ಲಿ ಮತ್ತೆ ಕಟ್ಟುವ ಕಾರ್ಯ 2011ರಲ್ಲಿ ಮುಗಿಯಿತು. ಹಳೆಯ ದಾಖಲೆ ಹೇಳುವ ಜಾಗ ಹಿನ್ನೀರಿನಡಿ. ಗುಡಿ ಮಾತ್ರ ದಡದಲ್ಲಿ. ಹಿನ್ನೀರು ಎಂಬ ಪದದ ಅರ್ಥವನ್ನು ಮಲೆನಾಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಏಕೆ ಮುಖ್ಯ? ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಇರಬೇಕೆಂದು 2010ರ ತಿದ್ದುಪಡಿ ಕಾಯಿದೆ ಹೇಳುತ್ತದೆ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕಾಯಿದೆ ಇದೆ. ಗದ್ದೆಯ ಬದುವಿನ ವೀರಗಲ್ಲಿಗೆ, ಕೆರೆಯ ತೂಬಿನ ಶಾಸನಕ್ಕೆ, ಕಾಡಿನೊಳಗಿನ ಕೋಟೆಯ ಕಂದಕಕ್ಕೆ ಅಂತಹ ಬೇಲಿ ಇಲ್ಲ. ಅವು ಇವೆ ಎಂಬ ಲಿಖಿತ ದಾಖಲೆಯೇ ಅವುಗಳಿಗಿರುವ ಮೊದಲ ರಕ್ಷಣೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ವರದಿಯ ಸಾರಾಂಶ ನಮ್ಮ ಭಾಷೆಯಲ್ಲಿಯೂ ಇರಬೇಕು. ಆದರೆ ಆ 30 ದಿನಗಳಲ್ಲಿ ಹುಡುಕಾಟ ಆರಂಭಿಸಿದರೆ ತಡವಾಯಿತೆಂದೇ ಅರ್ಥ. ‘ಬಿ2’ ವರ್ಗದ ಯೋಜನೆಗಳಿಗಂತೂ ಅಹವಾಲು ಸಭೆಯೇ ಇಲ್ಲ.

ಎಲ್ಲವನ್ನೂ ಅಂತರ್ಜಾಲದಲ್ಲಿ ಬಯಲಿಗಿಟ್ಟರೆ ನಿಧಿಗಳ್ಳರಿಗೆ ದಾರಿ ತೋರಿದಂತಾಗದೇ ಎಂದು ಹಿರಿಯರು ಕೇಳುವುದುಂಟು. ಈ ಆತಂಕ ಸರಿಯಾದದ್ದೇ. ಕಾವಲಿಲ್ಲದ ವಿಗ್ರಹದ, ಅಗೆಯದ ಗೋರಿಯ ನಿಖರ ಜಾಗವನ್ನು ಜಗತ್ತಿಗೆ ಸಾರಬೇಕಾಗಿಲ್ಲ. ಸರ್ವೆ ನಂಬರು ಸಹಿತ ವಿವರ ಗ್ರಾಮ ಪಂಚಾಯಿತಿಯಲ್ಲಿಯೂ ಇಲಾಖೆಯಲ್ಲಿಯೂ ಇರಲಿ; ಸಾರ್ವಜನಿಕ ಪಟ್ಟಿಯಲ್ಲಿ ಊರಿನ ಹೆಸರು ಮತ್ತು ತಾಣದ ಬಗೆ ಸಾಕು. ಅಂತೆಯೇ, ಪಟ್ಟಿಗೆ ಸೇರಿದೊಡನೆ ಉಳಿಯಿತೆಂದೂ ಭ್ರಮಿಸಬಾರದು. ಎಲ್ಲರ ಕಣ್ಣೆದುರಿಗಿದ್ದ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಭಾಗ 2016ರಲ್ಲಿ ಕುಸಿದವು. ದಾಖಲೆ ರಕ್ಷಣೆಯ ಮೊದಲ ಹೆಜ್ಜೆಯೇ ಹೊರತು ಕೊನೆಯದಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಜೀವವೈವಿಧ್ಯ ಕಾಯಿದೆಯಡಿ ಊರಿನ ಗಿಡಮರಗಳ ಜನತಾ ದಾಖಲಾತಿ ಮಾಡುವ ಕ್ರಮ ನಮಗೆ ಹೊಸದಲ್ಲ. ಅದೇ ಪುಸ್ತಕದ ಪಕ್ಕದಲ್ಲಿ ಊರಿನ ಕಲ್ಲುಗಳ ಪುಸ್ತಕವೊಂದನ್ನು ತೆರೆಯೋಣ. ವಿದ್ಯಾರ್ಥಿಗಳು ಊರಿನ ಹೆಸರನ್ನು ಹಳೆಯ ಮತ್ತು ಹೊಸ ಕಾಗುಣಿತಗಳಲ್ಲಿ, ಹಳೆಯ ತಾಲ್ಲೂಕಿನ ಅಡಿಯಲ್ಲಿ ಹುಡುಕಿ, ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳಲಿ. ಆಮೇಲೆ ಊರ ಹಿರಿಯರೊಡನೆ ಬನ, ಕೆರೆ, ಹಾಳುಗುಡಿಗಳನ್ನು ಸುತ್ತಿ, ದಾಖಲೆಯಲ್ಲಿದ್ದು ನೆಲದಲ್ಲಿಲ್ಲದ್ದು ಯಾವುದು, ನೆಲದಲ್ಲಿದ್ದು ದಾಖಲೆಯಲ್ಲಿಲ್ಲದ್ದು ಯಾವುದು ಎಂದು ಎರಡು ಪಟ್ಟಿ ಮಾಡಲಿ. ಕಲ್ಲನ್ನು ಉಜ್ಜುವುದು, ಸುಣ್ಣ ಬಳಿಯುವುದು, ಕಿತ್ತು ಸಾಗಿಸುವುದು ಕೂಡದು. ಛಾಯಾಚಿತ್ರ ಮತ್ತು ಅಳತೆ ಸಾಕು. ಆ ಪಟ್ಟಿಗಳನ್ನು ಗ್ರಾಮಸಭೆಯಲ್ಲಿ ಓದಿ, ಠರಾವು ಬರೆಸಿ, ಒಂದು ಪ್ರತಿಯನ್ನು ಮೈಸೂರಿನ ಇಲಾಖೆಗೆ ಕಳುಹಿಸಿ ಸ್ವೀಕೃತಿ ಪಡೆಯಬೇಕು.

ಮುಂದೆ ಯಾವುದೋ ವರದಿ ‘ಇಲ್ಲಿ ಏನೂ ಇಲ್ಲ’ ಎಂದು ಬರೆದು ತಂದಾಗ, ಅದರ ಎದುರು ಇಡಲು ನಮ್ಮ ಕೈಯಲ್ಲೊಂದು ಕಾಗದವಿರುತ್ತದೆ. ಈ ಬೇಸಿಗೆ ರಜೆಯಲ್ಲಿ ಪ್ರತಿ ಊರಿನಲ್ಲಿ ನಾಲ್ಕು ಜನ ಮನಸ್ಸು ಮಾಡಿದರೆ, ಮಳೆ ಹಿಡಿಯುವ ಮೊದಲು ಆ ಕಾಗದ ಸಿದ್ಧವಾದೀತು.