ಪೂರ್ವಜ್ಞಾನದ ಅಂಕಣದಲ್ಲಿ ಯುದ್ಧವಿಮಾನ

ನಮ್ಮ ಪಾಠಯೋಜನೆಯ ನಮೂನೆಯಲ್ಲಿ 'ಪೂರ್ವಜ್ಞಾನ' ಎಂಬ ಅಂಕಣವಿದೆ. ಒಂಬತ್ತನೇ ತರಗತಿಯ 'ಕೆಲಸ ಮತ್ತು ಶಕ್ತಿ' ಘಟಕಕ್ಕೆ ನಾವು ಬಹಳಷ್ಟು ಜನ ಅಲ್ಲಿ ಬರೆಯುವುದು ಒಂದೇ ಸಾಲು: 'ವಿದ್ಯಾರ್ಥಿಗಳಿಗೆ ಬಲ ಮತ್ತು ಚಲನೆಯ ಪರಿಚಯವಿದೆ.' ಮಕ್ಕಳಿಗೆ ನಿಜವಾಗಿ ಏನು ಗೊತ್ತಿದೆ ಎಂದು ವಿಚಾರಿಸದೆಯೇ ಈ ಸಾಲನ್ನು ಬರೆದುಬಿಡಬಹುದು. ನನ್ನ ತಕರಾರು ಇರುವುದು ಇಲ್ಲೇ.

ಹಮ್ಮಿಗಿಯಲ್ಲಿ ಬೋಧನಾಭ್ಯಾಸ ಮಾಡುವಾಗ ಕೆಲವು ಹುಡುಗರು ಆನ್‌ಲೈನ್ ವಿಮಾನ ಕಾಳಗದ ಆಟದ ಬಗ್ಗೆ ವಾದಿಸುವುದನ್ನು ಕೇಳಿದೆ. 'ಮೊದ್ಲ ಮ್ಯಾಲ ಹೋಗಲೇ, ಕೆಳಗ ಇದ್ರ ಸಾಯ್ತಿ' ಎಂದನೊಬ್ಬ. ಆ ಮಾತಿನಲ್ಲಿ ಪ್ರಚ್ಛನ್ನ ಶಕ್ತಿಯ ಇಡೀ ಪಾಠವಿದೆ. ಹೆಸರು ಮಾತ್ರ ಅವನಿಗೆ ಗೊತ್ತಿಲ್ಲ.

ವಾರ್ ಥಂಡರ್‌ನಂಥ ಆಟದಲ್ಲಿ ಹೊಸಬರು ವೈರಿ ಕಂಡ ಕೂಡಲೇ ಸ್ಟಿಕ್ಕನ್ನು ಪೂರ್ತಿ ಎಳೆದು ಸುತ್ತತೊಡಗುತ್ತಾರೆ. ತಿರುವು ಬಿಗಿಯಾದಷ್ಟೂ ಗಾಳಿಯ ತಡೆ ಹೆಚ್ಚಿ ವೇಗ ಕರಗುತ್ತದೆ. ಕೊನೆಗೆ ರೆಕ್ಕೆ ವಿಮಾನದ ಭಾರ ಹೊರಲಾರದೆ ಹೋಗುತ್ತದೆ. ಇದೇ ಸ್ಟಾಲ್. ಪಳಗಿದವರು ಕೋಳಿಮರಿಯ ಮೇಲೆ ಎರಗುವ ಹದ್ದಿನಂತೆ ಆಡುತ್ತಾರೆ. ಮೊದಲು ಎತ್ತರ ಗಳಿಸಿ, ಒಮ್ಮೆ ಎರಗಿ ಗುಂಡು ಹಾರಿಸಿ, ಗುರಿ ತಪ್ಪಿದರೂ ಬೆನ್ನು ಹತ್ತದೆ, ಬಂದ ವೇಗವನ್ನು ಮತ್ತೆ ಎತ್ತರವಾಗಿ ಬದಲಿಸಿಕೊಳ್ಳುತ್ತಾರೆ.

ಇದನ್ನು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಬಹುದು. ಸೆಕೆಂಡಿಗೆ 100 ಮೀಟರ್ ವೇಗದ ವಿಮಾನ 1000 ಮೀಟರ್ ಕೆಳಗಿಳಿದರೆ, ಗಾಳಿಯ ತಡೆ ಮತ್ತು ಎಂಜಿನ್ನಿನ ನೂಕುಬಲವನ್ನು ಬದಿಗಿಟ್ಟಾಗ, ಅದರ ವೇಗ ಸುಮಾರು 172 ಮೀಟರ್ ಆಗುತ್ತದೆ. ಅಲ್ಲಿ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುವುದನ್ನು ಮಕ್ಕಳೇ ಕಂಡುಕೊಳ್ಳಲಿ. ತಿರುವಿನ ಲೆಕ್ಕವೂ ಹೀಗೆಯೇ. 60 ಡಿಗ್ರಿ ವಾಲಿ, ಎತ್ತರ ಬಿಡದೆ ತಿರುಗುವ ವಿಮಾನಕ್ಕೆ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಸುಮಾರು 590 ಮೀಟರ್ ತ್ರಿಜ್ಯ ಬೇಕು. 200 ಮೀಟರ್ ವೇಗದಲ್ಲಿ ಸುಮಾರು 2360 ಮೀಟರ್ ಬೇಕು. ವೇಗ ಇಮ್ಮಡಿಯಾದರೆ ತ್ರಿಜ್ಯ ನಾಲ್ಕು ಪಟ್ಟು. ಸೂತ್ರ ಪಿಯುಸಿಗಿರಲಿ, ಈ ಸಂಬಂಧ ಒಂಬತ್ತನೇ ತರಗತಿಗೂ ದಕ್ಕುತ್ತದೆ.

ಇಂಥದೊಂದು ಪಾಠಕ್ಕೆ ನನ್ನ ವೀಕ್ಷಣಾ ನಮೂನೆಯಲ್ಲಿ 'ವಿಷಯಾಂತರ' ಎಂಬ ಷರಾ ಬಂತು. ಅದರ ಹಿಂದಿನ ಆತಂಕಗಳು ಸುಳ್ಳಲ್ಲ. ಮೊಬೈಲ್ ಗೀಳಿಗೆ ಶಿಕ್ಷಕರೇ ಪರವಾನಗಿ ಕೊಟ್ಟಂತಾಗದೇ? ಫೋನ್ ಕೈಗೆ ಸಿಗದವರು, ಅದರಲ್ಲೂ ಹೆಣ್ಣುಮಕ್ಕಳು, ಹೊರಗುಳಿಯುವುದಿಲ್ಲವೇ? ಅದಕ್ಕೇ ನಾನು ಹೇಳುವುದು, ತರಗತಿಗೆ ಫೋನ್ ಬೇಡ, ಪ್ರಶ್ನೆ ಮಾತ್ರ ಬರಲಿ. ಆಟ ಆಡದವರಿಗೆ ಊರಿನ ಬ್ಯಾರೇಜ್ ಇದೆ. ಸಿಂಗಟಾಲೂರು ಏತ ನೀರಾವರಿಯಲ್ಲಿ ತುಂಗಭದ್ರೆಯ ನೀರನ್ನು ಮೇಲೆತ್ತಲು ಪಂಪುಗಳು ವಿದ್ಯುತ್ ತಿನ್ನುತ್ತವೆ. ಎತ್ತರ ಪುಕ್ಕಟೆ ಸಿಗುವುದಿಲ್ಲ ಎಂಬುದು ಪಂಪಿಗೂ ವಿಮಾನಕ್ಕೂ ಒಂದೇ. ಎರಡೂ ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟರೆ ಇಬ್ಬರಿಗೂ ಮಾತಾಡಲು ಜಾಗವಿರುತ್ತದೆ.

ಯುದ್ಧವನ್ನು ಆಟವಾಗಿಸುತ್ತೇವೆ ಎಂಬ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಉತ್ತರವಾಗಿ ನಾನು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕಥೆ ಹೇಳುತ್ತೇನೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ಅವರು ಹಾರಿಸಿದ್ದು ಮಿಸ್ಟೇರ್. ಎದುರಾದದ್ದು ಶಬ್ದದ ಎರಡು ಪಟ್ಟು ವೇಗ ಮುಟ್ಟಬಲ್ಲ ಸ್ಟಾರ್‌ಫೈಟರ್. ಅದರ ರೆಕ್ಕೆ ಗಿಡ್ಡ, ತಿರುವು ಅಗಲ. ಕೆಳಮಟ್ಟದಲ್ಲಿ, ಕಡಿಮೆ ವೇಗದ ಸುತ್ತಾಟಕ್ಕೆ ಇಳಿದರೆ ಅದರ ಮೇಲುಗೈ ಉಳಿಯುವುದಿಲ್ಲ. ದೇವಯ್ಯನವರು ಅದನ್ನು ಹೊಡೆದುರುಳಿಸಿದರು. ಅದರ ಪೈಲಟ್ ಹೊರಜಿಗಿದು ಬದುಕಿದರು, ದೇವಯ್ಯನವರು ಮರಳಲಿಲ್ಲ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ನಂತರ. ಆಟದಲ್ಲಿ ಸತ್ತವರು ಮತ್ತೊಂದು ವಿಮಾನ ಹತ್ತುತ್ತಾರೆ. ಈ ವ್ಯತ್ಯಾಸವನ್ನು ಹೇಳಲು ಭೌತಶಾಸ್ತ್ರದ ಅವಧಿಯೂ ತಕ್ಕ ಜಾಗವೇ.

ಆಟವನ್ನು ಪಠ್ಯದಂತೆ ನಂಬಬೇಕಿಲ್ಲ. ವಾರ್ ಥಂಡರ್‌ನ ಆರ್ಕೇಡ್ ಮಾದರಿಯಲ್ಲಿ ಹಾರಾಟದ ನಿಯಮಗಳನ್ನು ಸರಳಗೊಳಿಸಲಾಗಿದೆ, ಗುಂಡುಗಳು ಗಾಳಿಯಲ್ಲೇ ಮರುಭರ್ತಿಯಾಗುತ್ತವೆ. 'ಇದರಲ್ಲಿ ಯಾವುದು ನಿಜವಾಗಲಾರದು, ಏಕೆ?' ಎಂದು ಕೇಳಿದರೆ ಅದೇ ಒಳ್ಳೆಯ ಮೌಲ್ಯಮಾಪನ ಪ್ರಶ್ನೆಯಾಗುತ್ತದೆ.

ಮಾರ್ಗದರ್ಶಕ ಉಪನ್ಯಾಸಕರಲ್ಲಿ ನನ್ನ ವಿನಂತಿ ಸಣ್ಣದು. ಥರ್ಮೋಕೋಲ್ ಮಾದರಿಗೆ ಕೊಡುವ ಅಂಕಗಳಲ್ಲಿ ಒಂದೆರಡನ್ನು ಪೂರ್ವಜ್ಞಾನದ ಅಂಕಣಕ್ಕೆ ತೆಗೆದಿಡಿ. ಅಲ್ಲಿ ಮಗುವೊಂದು ನಿಜವಾಗಿ ಆಡಿದ ಒಂದು ಮಾತನ್ನಾದರೂ ಬರೆಯಬೇಕೆಂದು ಕೇಳಿ. ಪ್ರಶಿಕ್ಷಣಾರ್ಥಿ ಮಿತ್ರರಿಗೂ ಅಷ್ಟೇ ಹೇಳುತ್ತೇನೆ. ಯೋಜನೆ ಬರೆಯುವ ಮುನ್ನ ಒಂದು ಬಿಡುವಿನ ಅವಧಿ ಮಕ್ಕಳ ನಡುವೆ ಕುಳಿತು ಬನ್ನಿ. ಅವರು ಆಡುವ ಆಟ ವಿಮಾನದ್ದೇ ಆಗಿರಬೇಕಿಲ್ಲ.